ಬಾಟಲಿಯಲ್ಲಿ ಬಿದ್ದದ್ದೆಷ್ಟು, ಬಣ್ಣ ಯಾವುದು?

ಕೆಂಭಾವಿಯ ನಮ್ಮ ಕಾಕಾ ಜೋಳದ ರೊಟ್ಟಿ ಬಿಟ್ಟು ಗಂಜಿಗಿಳಿದಾಗಲೇ ಮನೆಯವರಿಗೆ ಅನುಮಾನ. ಕಲಬುರಗಿಯಲ್ಲಿ ಎಂಡೋಸ್ಕೋಪಿ ಮಾಡಿ ಅನ್ನನಾಳದ ಕ್ಯಾನ್ಸರ್ ಎಂದರು. ಕಿಮೋ, ರೇಡಿಯೇಷನ್ ಮುಗಿದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್. ಎದೆ ತೆರೆಯದೆ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಮಾಡುವಂಥದ್ದು.

ಕೊಯಮತ್ತೂರಿನ ಡಾ. ಸಿ. ಪಳನಿವೇಲು ತಂಡ ರೋಗಿಯನ್ನು ಬೋರಲು ಮಲಗಿಸಿ ಹೀಗೆ ಮಾಡಿದ 130 ಆಪರೇಷನ್‌ಗಳ ಅನುಭವವನ್ನು 2006ರಲ್ಲೇ ಪ್ರಕಟಿಸಿತ್ತು. 2012ರಲ್ಲಿ ಯುರೋಪಿನ ‘ಟೈಮ್’ ಅಧ್ಯಯನದ ಫಲಿತಾಂಶ ಬಂತು: ಮೊದಲ ಎರಡು ವಾರಗಳಲ್ಲಿ ಶ್ವಾಸಕೋಶದ ಸೋಂಕು ಎದೆ ತೆರೆದವರಲ್ಲಿ ಶೇ 29, ಕ್ಯಾಮೆರಾ ವಿಧಾನದವರಲ್ಲಿ ಶೇ 9. ಗಾಯ ಚಿಕ್ಕದಾದರೂ ಪಕ್ಕೆಲುಬುಗಳ ನಡುವಿನ ಪೈಪು ಕಾಕಾನಿಗೆ ತಪ್ಪಲಿಲ್ಲ.

ಪೈಪಿನ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಎದೆಯೊಳಗಿನ ಗಾಳಿ, ದ್ರವ ಹೊರಬರುತ್ತವೆ. ಹೊರಗಿನ ಗಾಳಿ ಒಳಹೋಗದು. ಉಸಿರಿನೊಡನೆ ಪೈಪಿನ ನೀರು ಏರಿಳಿದರೆ ಗಾಬರಿ ಬೇಡ. ಅದು ಥಟ್ಟನೆ ನಿಂತರೆ ಪೈಪು ಮಡಚಿದೆಯೋ ನೋಡಬೇಕು, ನರ್ಸಿಗೆ ಹೇಳಬೇಕು. ಗುಳ್ಳೆಗಳು ಬರುತ್ತಲೇ ಇದ್ದರೆ ಗಾಳಿ ಸೋರುತ್ತಿರಬಹುದು. ಆಗ ಪೈಪಿಗೆ ಕ್ಲಿಪ್ ಹಾಕಿ ಮುಚ್ಚುವುದು ಅಪಾಯ.

ಕಾಕಾನನ್ನು ನಡೆಸುವಾಗ ಅಣ್ಣ ಬಾಟಲಿಯನ್ನು ಎದೆಯೆತ್ತರಕ್ಕೆ ಎತ್ತಿದ. ನಮ್ಮ ಕಡೆಯವರೇ ಆದ ನರ್ಸು ಗದರಿದರು: “ಏ ಅಣ್ಣಾ, ಬಾಟ್ಲಿ ಕೆಳಗ ಹಿಡೀರಿ, ನೀರು ಒಳಗ ಹೊಕ್ಕೀತು!”

ಅಳತೆಗೂ ಒಂದು ಸೂಕ್ಷ್ಮವಿದೆ. ಬಾಟಲಿಗೆ ಮೊದಲೇ ಹಾಕಿದ ನೀರನ್ನು ಕಳೆದೇ ಲೆಕ್ಕ ಬರೆಯಬೇಕು. ಹೊರಗೆ ಅಂಟಿಸಿದ ಟೇಪಿನ ಮೇಲೆ ಗಂಟೆ ಬರೆದು ಗೆರೆ ಎಳೆದರೆ ಪಾಳಿ ಬದಲಾದರೂ ಲೆಕ್ಕ ತಪ್ಪದು.

ಅಳತೆಗಿಂತ ಬಣ್ಣವೇ ನಮ್ಮನ್ನು ಎಚ್ಚರಿಸಿತು. ಕರುಳಿನ ನಳಿಕೆಯಿಂದ ಆಹಾರ ಶುರುವಾದ ಮೇಲೆ ತಿಳಿ ಹಳದಿ ದ್ರವ ಹಾಲಿನಂತಾಯಿತು. ಅನ್ನನಾಳದ ಪಕ್ಕದಲ್ಲೇ ಹಾದುಹೋಗುವ ದುಗ್ಧರಸದ ನಾಳಕ್ಕೆ ಪೆಟ್ಟಾದರೆ ಹೀಗಾಗುತ್ತದೆ. ಹೊಟ್ಟೆಗೆ ಕೊಬ್ಬು ಹೋಗುವವರೆಗೆ ಬಣ್ಣ ಬದಲಾಗದಿರಬಹುದು, ಸೋರಿಕೆ ಕಾಣದೇ ಉಳಿಯಬಹುದು. ದ್ರವದಲ್ಲಿ ಟ್ರೈಗ್ಲಿಸರೈಡ್ ಪರೀಕ್ಷಿಸಿ, ಕೊಬ್ಬಿಲ್ಲದ ಆಹಾರ ಕೊಟ್ಟರು. ಕಾಕಾನಿಗೆ ಅಷ್ಟಕ್ಕೇ ಇಳಿಯಿತು. ಕೆಲವರಿಗೆ ನಾಳ ಕಟ್ಟಲು ಮತ್ತೆ ಆಪರೇಷನ್ ಬೇಕಾಗುತ್ತದೆ. ದ್ರವ ಕಲಕಿ ವಾಸನೆ ಬಂದರೆ ಚಿಂತೆ ಬೇರೆ, ಅನ್ನನಾಳದ ರೋಗದ ಭಾಗ ತೆಗೆದು ಜೋಡಿಸಿದ ಕಡೆ ಹೊಲಿಗೆಯೇ ಬಿಟ್ಟಿರಬಹುದು.

ಪೈಪು ಚುಚ್ಚುವ ನೋವಿಗೆ ಕಾಕಾ ಆಳವಾಗಿ ಉಸಿರೆಳೆಯುತ್ತಿರಲಿಲ್ಲ, ಕಫ ಕಟ್ಟುತ್ತಿತ್ತು. ನೋವಿನ ಔಷಧಿ ಕೊಟ್ಟ ಮೇಲೆಯೇ ಮೂರು ಚೆಂಡಿನ ಉಸಿರಾಟದ ಆಟಿಕೆ ಹಿಡಿಸಿದರು. ನೋವು ಸಹಿಸುವುದೇ ಗಂಡಸುತನ ಎಂಬ ಹಟ ಈ ವಾರ್ಡಿನಲ್ಲಿ ನಡೆಯದು.

ದಿನದ ದ್ರವ ಸುಮಾರು 200 ಮಿಲಿಲೀಟರಿಗಿಂತ ಕೆಳಗಿಳಿದು, ಗುಳ್ಳೆ ನಿಂತು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಹಿಗ್ಗಿದ್ದು ಕಂಡ ಮೇಲೆ ಪೈಪು ತೆಗೆದರು. ಕೆಂಭಾವಿಗೆ ಹೊರಡುವ ಮುನ್ನ ಚೀಟಿಯಲ್ಲಿ ಬರೆಸಿಕೊಂಡೆವು: ಉಬ್ಬಸ, ಜ್ವರ, ಪಟ್ಟಿ ನೆನೆಯುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೂ ಎಕ್ಸ್‌ರೇ ತೆಗೆಯುವ ಆಸ್ಪತ್ರೆಗೇ ನೇರ ಹೋಗಬೇಕು.