ಉಸ್ಮಾನಿಯಾ ಬಿಸ್ಕತ್ತಿಗೆ ಕೈ ಹಾಕಿ ಕಲಿತದ್ದು

ಹೈದರಾಬಾದಿನ ಕಾಚಿಗುಡದ ಕಡೆ ನನ್ನದೊಂದು ಸಣ್ಣ ಬೇಕರಿ. ನಾನು ರಾಯಚೂರು ಸೀಮೆಯವನು, ಅಂಗಡಿ ಮಾವನವರದು. ಅದು ನನ್ನ ಕೈಗೆ ಬಂದಾಗ ಹೆಸರೂ ಇತ್ತು, ಗಿರಾಕಿಗಳೂ ಇದ್ದರು. ಎರಡಕ್ಕೂ ಕಾರಣ ನಮ್ಮ ಉಸ್ಮಾನಿಯಾ ಬಿಸ್ಕತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೆಸರಿನ ಈ ಬಿಸ್ಕತ್ತು ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗೆಂದೇ ಮೊದಲು ಮಾಡಿದ್ದು ಎಂದು ಇಲ್ಲಿನ ಹಳಬರು ಕಥೆ ಹೇಳುತ್ತಾರೆ. ಇರಾನಿ ಚಹಾ ಕುಡಿಯುವವರಿಗೆ ಇದಿಲ್ಲದೆ ಆಗದು. ಇಂಥದ್ದನ್ನು ನಾನು ಸುಧಾರಿಸಲು ಹೋದೆ. ಆಗ ಕಲಿತದ್ದನ್ನು ಬರೆಯುತ್ತಿದ್ದೇನೆ. ನನ್ನಂತೆಯೇ ನಡೆಯುತ್ತಿರುವ ಅಂಗಡಿಯನ್ನು ಕೈಗೆತ್ತಿಕೊಂಡವರು ಯಾರಾದರೂ ಓದಿದರೆ ಒಳ್ಳೆಯದು.

1. ಡಾಲ್ಡಾ ಎಂದರೆ ಬರೀ ಜಿಡ್ಡು ಅಂದುಕೊಂಡಿದ್ದೆ

ನಮ್ಮ ಬಿಸ್ಕತ್ತಿಗೆ ಹಾಕುತ್ತಿದ್ದದ್ದು ಡಾಲ್ಡಾ, ಅಂದರೆ ವನಸ್ಪತಿ. ವನಸ್ಪತಿಯಲ್ಲಿರುವ ಟ್ರಾನ್ಸ್ ಫ್ಯಾಟ್ ಹೃದಯಕ್ಕೆ ಕೆಟ್ಟದ್ದು. ಆಹಾರ ಸುರಕ್ಷತಾ ಪ್ರಾಧಿಕಾರ ಅದರ ಮಿತಿಯನ್ನು 2021ರ ಜನವರಿಯಿಂದ ಶೇ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿತು. ವನಸ್ಪತಿ ತಯಾರಕರೂ ತಮ್ಮ ಪಾಕ ಬದಲಿಸಬೇಕಾಯಿತು. ಸರಿಯಾದ ನಿಯಮವೇ. ಆದರೆ ನಾನು ಆ ನೆಪದಲ್ಲಿ ಇನ್ನೊಂದು ಕೆಲಸ ಮಾಡಿದೆ. ಹೇಗೂ ಬದಲಿಸಬೇಕಲ್ಲ ಎಂದು, ಇದ್ದುದರಲ್ಲೇ ಅಗ್ಗದ ಪಾಮ್ ಕೊಬ್ಬು ತರಿಸಿದೆ. ಬೆಣ್ಣೆಯ ಪಾಲಿಗೂ ಕತ್ತರಿ ಹಾಕಿ, ಕಡಿಮೆ ಬಿದ್ದಷ್ಟಕ್ಕೆ ಎಣ್ಣೆ ಸುರಿದೆ.

ಬಿಸ್ಕತ್ತು ಮಾಡುವ ನಮ್ಮ ಉಸ್ತಾದ್ ಮೊದಲ ದಿನವೇ ತಕರಾರು ತೆಗೆದರು. ಗಟ್ಟಿ ಕೊಬ್ಬು ಮೈದಾದ ಕಣಗಳನ್ನು ಸುತ್ತಿಕೊಂಡು ಹಿಟ್ಟು ಜಿಗುಟಾಗದಂತೆ ತಡೆಯುತ್ತದೆ. ಬಿಸ್ಕತ್ತು ಬಾಯಲ್ಲಿ ಪುಡಿಯಾಗುವುದು ಅದರಿಂದಲೇ. ಎಣ್ಣೆಗೆ ಆ ಶಕ್ತಿ ಸಾಲದು. ನಮ್ಮ ಬಿಸ್ಕತ್ತು ಭಟ್ಟಿಯಲ್ಲಿ ಟ್ರೇ ತುಂಬ ಹರಡಿಕೊಂಡಿತು, ತೆಳುವಾಯಿತು, ಆರಿದ ಮೇಲೆ ಬಿರುಸಾಯಿತು. ಬೇಸಿಗೆ ಬಂತು. ಇಲ್ಲಿನ ಮೇ ತಿಂಗಳ ಬಿಸಿಲಿಗೆ ಎಣ್ಣೆ ಹೊರಬಂದು ಕಾಗದದ ಪೊಟ್ಟಣವೆಲ್ಲ ಪಾರದರ್ಶಕ! ಇದನ್ನು ಸರಿಪಡಿಸುತ್ತೇನೆಂದು ಕಸ್ಟರ್ಡ್ ಪುಡಿ ಹೆಚ್ಚಿಸಿದೆ. ಬಿಸ್ಕತ್ತು ಮೆತ್ತಗೇನೋ ಆಯಿತು, ಆದರೆ ಚಹಾಕ್ಕೆ ಅದ್ದಿದರೆ ಅರ್ಧ ಕಪ್ಪಿನೊಳಗೇ ಉಳಿಯತೊಡಗಿತು.

ಒಳ್ಳೆಯ ಉಸ್ಮಾನಿಯಾ ಚಹಾದಿಂದ ತುಟಿಯವರೆಗೆ ಗಟ್ಟಿಯಾಗಿರಬೇಕು, ನಾಲಿಗೆಯ ಮೇಲೆ ಕರಗಬೇಕು. ನಮ್ಮ ಅಂಗಡಿ ಇಷ್ಟು ವರ್ಷ ಮಾರುತ್ತಿದ್ದದ್ದು ಆ ನಡುವಿನ ಎರಡು ಕ್ಷಣವನ್ನು. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ನನ್ನ ತಲೆಗೂ ಹೋಗಲಿಲ್ಲ. ಉಸ್ತಾದರ ಕೈಗೆ ಮಾತ್ರ ಗೊತ್ತಿತ್ತು. ನಾನು ಅವರನ್ನು ಕೇಳಿದ್ದು ಸರಕು ತರಿಸಿದ ಮೇಲೆ.

2. ಚಹಾ ಕೊಡದೆ ರುಚಿ ನೋಡಿಸಿದೆ

ಹೊಸ ಬಿಸ್ಕತ್ತನ್ನು ಪರೀಕ್ಷೆ ಮಾಡದೆಯೇ ಇಳಿಸಲಿಲ್ಲ, ಅಷ್ಟರಮಟ್ಟಿಗೆ ನಾನೂ ಬುದ್ಧಿವಂತ. ಗಲ್ಲಾಪೆಟ್ಟಿಗೆಯ ಪಕ್ಕ ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ಒಂದೊಂದು ತುಂಡು ಕೊಟ್ಟೆ. ಎಲ್ಲರೂ ‘ಬಹುತ್ ಅಚ್ಛಾ’ ಎಂದರು. ಪುಕ್ಕಟೆ ಕೊಟ್ಟದ್ದನ್ನು ಎದುರಿಗೇ ಚೆನ್ನಾಗಿಲ್ಲ ಎನ್ನುವ ಸ್ವಭಾವ ಈ ಊರಿನವರದ್ದಲ್ಲ. ಮೇಲಾಗಿ ಅವರ ಕೈಯಲ್ಲಿ ಚಹಾವೇ ಇರಲಿಲ್ಲ.

ಕೋಕಾ-ಕೋಲಾ ಕಂಪನಿ ಅಮೆರಿಕದಲ್ಲಿ ಇದನ್ನೇ ಬಹಳ ದೊಡ್ಡದಾಗಿ ಮಾಡಿತ್ತು ಎಂಬುದು ಆಮೇಲೆ ತಿಳಿಯಿತು. ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿ, ಹೆಚ್ಚಿನವರು ಮೆಚ್ಚಿದರೆಂದು, 1985ರ ಏಪ್ರಿಲ್ 23ರಂದು ಹಳೆಯ ಪಾಕ ಬಿಟ್ಟು ಹೊಸ ಕೋಕ್ ತಂದರು. ಜನ ಫೋನು, ಪತ್ರಗಳಲ್ಲಿ ಬೈದರು. ಜುಲೈ 11ರಂದು ಹಳೆಯದನ್ನು ‘ಕ್ಲಾಸಿಕ್’ ಎಂದು ವಾಪಸ್ ತರುವುದಾಗಿ ಸಾರಬೇಕಾಯಿತು. ಒಂದು ಗುಟುಕಿಗೆ ಸಿಹಿಯಾದದ್ದೇ ಗೆಲ್ಲುತ್ತದೆ, ಇಡೀ ಬಾಟಲಿ ಕುಡಿಯುವಾಗ ಲೆಕ್ಕ ಬೇರೆ ಎಂದು ಈ ಪ್ರಸಂಗವನ್ನು ವಿವರಿಸುವವರಿದ್ದಾರೆ. ಇದು ಚೆನ್ನಾಗಿದೆಯೇ ಎಂದು ನಾನೂ ಕೇಳಿದ್ದೆ. ಹಳೆಯದು ಇನ್ನು ಸಿಗುವುದಿಲ್ಲ, ಒಪ್ಪಿಗೆಯೇ ಎಂದು ಕೇಳಲಿಲ್ಲ. ಕೇಳಿದ್ದರೆ ಉತ್ತರ ಏನು ಬರುತ್ತದೆಂದು ಒಳಗೊಳಗೇ ಗೊತ್ತಿತ್ತೋ ಏನೋ.

3. ‘ವೋಹೀಚ್ ಹೈ’ ಎಂದು ಸುಳ್ಳು ಹೇಳಿದೆ

ದಿನಾ ಬೆಳಗಿನ ನಮಾಜು ಮುಗಿಸಿ ಬರುವ ಹಿರಿಯರೊಬ್ಬರಿದ್ದರು. ಮಾವನವರ ಕಾಲದ ಗಿರಾಕಿ. ಒಂದು ದಿನ ‘ಕ್ಯಾ ಸೇಠ್, ಬಿಸ್ಕುಟ್ ಬದಲ್ ದಿಯೇ ಕ್ಯಾ?’, ಬಿಸ್ಕತ್ತು ಬದಲಿಸಿಬಿಟ್ಟಿರಾ ಎಂದರು. ‘ನೈ ಚಾಚಾ, ವೋಹೀಚ್ ಹೈ’, ಅದೇ ಬಿಸ್ಕತ್ತು ಎಂದೆ. ಅವರು ವಾದ ಮಾಡಲಿಲ್ಲ. ಕಾಲು ಕೆ.ಜಿ. ಒಯ್ಯುತ್ತಿದ್ದವರು ಎರಡು ಬಿಸ್ಕತ್ತು ಒಯ್ದರು. ಆಮೇಲೆ ಬರಲಿಲ್ಲ.

ಸರ್ಕಾರದ ಹೊಸ ನಿಯಮ ಬಂದಿದೆ ಚಾಚಾ, ಡಾಲ್ಡಾ ಬದಲಾಗಿದೆ, ಇನ್ನೂ ಹದ ಸಿಕ್ಕಿಲ್ಲ ಎಂದಿದ್ದರೆ ಬೈದುಕೊಂಡೇ ತಿನ್ನುತ್ತಿದ್ದರು. ಹೇಳಲು ಬಾಯಿ ಬರದಿದ್ದದ್ದು ಅಗ್ಗದ ಸರಕಿನ ವಿಷಯ ಬಚ್ಚಿಡಬೇಕಿತ್ತಲ್ಲ, ಅದಕ್ಕೆ. ಗದ್ದಲ ಮಾಡಿದ ಗಿರಾಕಿಗಳನ್ನು ನಾನು ಹೇಗೋ ಉಳಿಸಿಕೊಂಡೆ. ಇವರಂತೆ ಸುಮ್ಮನೆ ಎದ್ದು ಹೋದವರು ಎಷ್ಟು ಜನ ಎಂಬುದು ಇವತ್ತಿಗೂ ತಿಳಿಯದು.

ಊರಿಗೆ ಹೋದಾಗ ನಂದಿನಿ ಹಾಲಿನ ಚರ್ಚೆ ಕೇಳಿದ್ದೆ. ಕರ್ನಾಟಕ ಹಾಲು ಮಹಾಮಂಡಳ 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಸೇರಿಸಿ 2 ರೂಪಾಯಿ ಏರಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಆ 50 ಮಿ.ಲೀ.ಯನ್ನು ತೆಗೆದು ಲೀಟರಿಗೆ 4 ರೂಪಾಯಿ ಏರಿಸಿತು. ಜನ ಬೈದರು, ವಿರೋಧ ಪಕ್ಷದವರೂ ಬೈದರು. ಬೈಯಲಿಕ್ಕೆ ಸಾಧ್ಯವಾದದ್ದು ಅಳತೆಯನ್ನೂ ಬೆಲೆಯನ್ನೂ ಮೊದಲೇ ಸಾರಿದ್ದರಿಂದ. ನಾನು ಅಷ್ಟು ಅವಕಾಶವನ್ನೂ ಕೊಟ್ಟಿರಲಿಲ್ಲ.

4. ಗಾಜಿನ ಭರಣಿ ತೆಗೆದು ಡಬ್ಬಿ ತಂದೆ

ಚಾರ್‌ಮಿನಾರಿನ ಚಿತ್ರವಿದ್ದ ಚಂದದ ಡಬ್ಬಿ. ರೈಲು ಹತ್ತುವವರು ಒಯ್ದರು, ಗಲ್ಲಿಯವರು ಒಯ್ಯಲಿಲ್ಲ. ಮಗುವಿನ ಕೈಗೆ ಹತ್ತು ರೂಪಾಯಿ ಕೊಟ್ಟು ಕಳಿಸುವ ಮನೆಯವರು ಇಡೀ ಡಬ್ಬಿ ಯಾಕೆ ಕೊಳ್ಳುತ್ತಾರೆ? ಭರಣಿಯನ್ನು ಮತ್ತೆ ತಂದಿಟ್ಟೆ. ಡಬ್ಬಿಗಳ ದಾಸ್ತಾನಿನಲ್ಲಿ ಈಗ ನಮ್ಮ ಮನೆಯಾಕೆ ಬೇಳೆಕಾಳು ಇಟ್ಟುಕೊಂಡಿದ್ದಾಳೆ.

5. ಹಳೆಯದನ್ನು ಸರಿಸಿದರೆ ಗಿರಾಕಿ ಹೊಸದರ ಕಡೆಗೇ ಬರುತ್ತಾನೆ ಎಂದು ನಂಬಿದ್ದೆ

ಈ ಊರಿನಲ್ಲಿ ಬಿರಿಯಾನಿ ಜೊತೆ ಥಮ್ಸ್ ಅಪ್ ಕುಡಿಯುವವರನ್ನು ದಿನವೂ ನೋಡುತ್ತಿದ್ದರೂ ನನಗೆ ಹೊಳೆಯಲಿಲ್ಲ. 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋದಾಗ ಪಾರ್ಲೆಯ ಚೌಹಾಣ್ ಸಹೋದರರು ತಂದ ಪಾನೀಯ ಅದು. ಕೋಕ್‌ಗಿಂತ ಖಡಕ್ಕು, ಸಿಹಿ ಕಡಿಮೆ. 1993ರಲ್ಲಿ ಕೋಕಾ-ಕೋಲಾ ವಾಪಸ್ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಕೊಂಡಿತು. ಥಮ್ಸ್ ಅಪ್ಪನ್ನು ಹಿಂದಕ್ಕಿಟ್ಟು ತನ್ನ ಕೋಕನ್ನೇ ಮುಂದೆ ಮಾಡಿತು. ಥಮ್ಸ್ ಅಪ್ ಕುಡಿಯುವವರು ಜಗ್ಗಲಿಲ್ಲ. ಹೀಗೇ ಬಿಟ್ಟರೆ ಲಾಭ ಪೆಪ್ಸಿಗೆ ಎಂದು ಕಂಡಾಗ ಕಂಪನಿಯೇ ಅದಕ್ಕೆ ಮತ್ತೆ ದುಡ್ಡು ಸುರಿಯಿತು. ತೆಲುಗು ನಾಡಿನಲ್ಲಿ ಚಿರಂಜೀವಿ, ಮುಂದೆ ಮಹೇಶ್ ಬಾಬು ಅದರ ಜಾಹೀರಾತಿಗೆ ಬಂದರು. ಗೋಲ್ಡ್ ಸ್ಪಾಟಿಗೆ ಆ ಅದೃಷ್ಟ ಇರಲಿಲ್ಲ. ಫ್ಯಾಂಟಾಕ್ಕೆ ಜಾಗ ಮಾಡಲು ಅದನ್ನು ನಿಲ್ಲಿಸಿದರು. ನನ್ನ ವಯಸ್ಸಿನವರು ಫ್ಯಾಂಟಾ ಕುಡಿಯುತ್ತಲೇ ಗೋಲ್ಡ್ ಸ್ಪಾಟಿನ ಮಾತು ತೆಗೆಯುತ್ತಾರೆ.

ನಾನು ಹಳೆಯ ಬಿಸ್ಕತ್ತು ನಿಲ್ಲಿಸಿದಾಗ ನಮ್ಮ ಗಿರಾಕಿಗಳಿಗೆ ಪೆಪ್ಸಿಯಷ್ಟು ದೂರದ ಆಯ್ಕೆಯೂ ಬೇಕಿರಲಿಲ್ಲ. ರಸ್ತೆ ದಾಟಿದರೆ ಇನ್ನೊಂದು ಬೇಕರಿ. ಅದರ ಮಾಲೀಕರು ಒಳ್ಳೆಯವರು, ‘ನಿಮ್ಮವರು ಇಲ್ಲಿ ಬರುತ್ತಿದ್ದಾರಲ್ಲ, ಏನಾಯಿತು?’ ಎಂದು ಅವರೇ ಬಂದು ವಿಚಾರಿಸಿದರು. ಅವಮಾನವಾಯಿತು, ಉಪಕಾರವೂ ಆಯಿತು.

6. ಹೊಸದು ಮಾಡಬೇಕೆನಿಸಿದರೆ ಬೇರೆ ಭರಣಿ, ಬೇರೆ ಹೆಸರು

ಮೊದಲು ಹಳೆಯದನ್ನು ಸರಿಪಡಿಸಬೇಕಿತ್ತು. ಉಸ್ತಾದರನ್ನು ಕೂರಿಸಿಕೊಂಡು ಟ್ರಾನ್ಸ್ ಫ್ಯಾಟ್ ಮಿತಿಯೊಳಗಿನ ಗಟ್ಟಿ ಕೊಬ್ಬು ಹುಡುಕಿದೆವು. ಬೆಣ್ಣೆಯ ಪಾಲನ್ನು ಮೊದಲಿನಷ್ಟೇ ಮಾಡಿದೆವು. ಬೆಲೆ ಏರಿತು. ಕಾರಣ ಬರೆದು ಭರಣಿಯ ಮೇಲೆ ಚೀಟಿ ಅಂಟಿಸಿದೆ, ತೆಲುಗಿನಲ್ಲಿ, ಉರ್ದುವಿನಲ್ಲಿ. ಹೋದವರಲ್ಲಿ ಕೆಲವರು ಬಂದರು, ಎಲ್ಲರೂ ಅಲ್ಲ.

ಈಗ ಮಗ ಸಕ್ಕರೆ ಕಡಿಮೆಯ ರಾಗಿ ಬಿಸ್ಕತ್ತು ಮಾಡೋಣ ಎನ್ನುತ್ತಾನೆ. ಸಕ್ಕರೆ ಬೇಡವೆನ್ನುವವರಿಗಾಗಿ ಕೋಕಾ-ಕೋಲಾದವರೇ 1982ರಲ್ಲಿ ಡಯಟ್ ಕೋಕನ್ನು ಹಳೆಯದರ ಪಕ್ಕದಲ್ಲಿಟ್ಟು ಮಾರಿದ್ದರು, ಅದು ಚೆನ್ನಾಗಿಯೇ ಹೋಯಿತು. ಮೂರೇ ವರ್ಷದಲ್ಲಿ ಅದನ್ನು ಹೇಗೆ ಮರೆತರೋ! ಮಗನಿಗೆ ಹೂಂ ಅಂದಿದ್ದೇನೆ. ಅವನು ಅದಕ್ಕೆ ‘ರಾಗಿ ಉಸ್ಮಾನಿಯಾ’ ಎಂದು ಹೆಸರಿಡಬೇಕೆನ್ನುತ್ತಾನೆ, ನಾನು ಬೇಡವೆನ್ನುತ್ತಿದ್ದೇನೆ. ಸದ್ಯ ಉಸ್ತಾದ್ ನನ್ನ ಕಡೆ ಇದ್ದಾರೆ.