ಎರಡನೆಯ ಸರಳು

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಏಡ್ರಿಯನ್ ಬೋಯರ್ ಅವರು 2005ರಲ್ಲಿ ಒಂದು ವಿಚಿತ್ರ ಕಾರ್ಯವನ್ನು ಕೈಗೊಂಡರು. ತನ್ನಂಥ ಇನ್ನೊಂದು ಯಂತ್ರಕ್ಕೆ ಬೇಕಾದ ಭಾಗಗಳಲ್ಲಿ ಹಲವನ್ನು ತಾನೇ ತಯಾರಿಸುವ ಯಂತ್ರವನ್ನು ನಿರ್ಮಿಸಿ, ಅದರ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ನೀಡುವುದೇ ಆ ಕಾರ್ಯ. 'ರೆಪ್‌ರ‍್ಯಾಪ್' ಎಂಬ ಹೆಸರಿನ ಈ ಯಂತ್ರವು ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರವನ್ನಿರಿಸಿ ವಸ್ತುವನ್ನು ರೂಪಿಸುತ್ತದೆ. 2008ರಲ್ಲಿ ಅದರ ಮೊದಲ ಮರಿಯಂತ್ರವು ಸಿದ್ಧವಾಯಿತು. ಉಕ್ಕಿನ ಸರಳು, ಮೋಟಾರು ಮುಂತಾದವುಗಳನ್ನು ಅಂಗಡಿಯಿಂದ ತರಬೇಕು. ಜೋಡಣೆಯಂತೂ ಮನುಷ್ಯನ ಕೈಯ ಕೆಲಸವೇ ಸರಿ. ಆ ಕೈ ತಪ್ಪಿ ತಾಯಿಯಂತ್ರವು ಓರೆಯಾದರೆ, ಮರಿಗೆ ದೊರೆಯುವ ಭಾಗಗಳೂ ಓರೆಯಾಗಿಯೇ ಹುಟ್ಟುತ್ತವೆ.

ಮೊದಲು ಚೌಕಟ್ಟನ್ನು ನೋಡೋಣ. ಅದರ ಬಾಹುಗಳು 400 ಮತ್ತು 300 ಮಿಲಿಮೀಟರು ಎಂದಿಟ್ಟುಕೊಳ್ಳಿ. ಪೈಥಾಗೊರಸನ ಪ್ರಮೇಯದಂತೆ ಎರಡು ಕರ್ಣಗಳೂ 500 ಮಿಲಿಮೀಟರು ಇರಬೇಕು. ಮೇಲಿನ ಬಾಹು 2 ಮಿಲಿಮೀಟರಿನಷ್ಟು ಪಕ್ಕಕ್ಕೆ ವಾಲಿದರೆ ಕಣ್ಣಿಗೆ ಏನೂ ತೋರದು. ಆದರೆ ಒಂದು ಕರ್ಣವು ಸುಮಾರು 501.6ಕ್ಕೆ ಏರಿ, ಇನ್ನೊಂದು 498.4ಕ್ಕೆ ಇಳಿಯುತ್ತದೆ. ಕರ್ಣವು ದೋಷವನ್ನು ಹಿಗ್ಗಿಸಿ ತೋರುವ ಚಾಡಿಕೋರ! ಕರ್ಣಗಳು ಸಮವಾಗಿದ್ದರೂ ಚೌಕಟ್ಟು ತಿರುಚಿಕೊಂಡಿರಬಹುದು. ದಪ್ಪ ಗಾಜಿನ ಹಲಗೆಯ ಮೇಲಿಟ್ಟು ಮೂಲೆಗಳನ್ನು ಒತ್ತಿದಾಗ ಅದು ಅಲುಗಾಡಿದರೆ ದೋಷವುಂಟೆಂದು ತಿಳಿಯಬೇಕು.

ಚೌಕಟ್ಟಿನೊಳಗೆ ಎರಡು ಸಮಾಂತರ ಸರಳುಗಳ ಮೇಲೆ ಪುಟ್ಟ ಬಂಡಿಯೊಂದು ಓಡಾಡುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಅವರು ಅಳತೆಪಟ್ಟಿಯನ್ನು ನಂಬಿ ಎರಡು ಸರಳುಗಳನ್ನೂ ಒಮ್ಮೆಗೇ ಬಿಗಿದುಬಿಡುತ್ತಾರೆ. ಬಂಡಿಯು ಒಂದು ತುದಿಯಲ್ಲಿ ಸಲೀಸಾಗಿ ಓಡಿ, ಇನ್ನೊಂದು ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಎಣ್ಣೆ ಹಾಕುತ್ತಾರೆ, ಮೋಟಾರನ್ನು ದೂರುತ್ತಾರೆ. ಎಣ್ಣೆ ಏನು ಮಾಡೀತು? ಬಂಡಿಯ ಎರಡು ಬದಿಯ ಬೇರಿಂಗುಗಳ ನಡುವಣ ಅಂತರವು ನಿಶ್ಚಿತವಾದುದು. ಸರಳುಗಳ ಅಂತರವು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅದು ಸಹಿಸಲಾರದು.

ಆದುದರಿಂದ ಮೊದಲನೆಯ ಸರಳನ್ನು ಮಾತ್ರ ಚೌಕಟ್ಟಿಗೆ ನೇರವಾಗಿರಿಸಿ ಬಿಗಿಯಬೇಕು. ಎರಡನೆಯದರ ತಿರುಪುಗಳನ್ನು ಸಡಿಲವಾಗಿಯೇ ಬಿಟ್ಟು, ಬಂಡಿಯನ್ನು ಒಂದು ತುದಿಗೆ ಒಯ್ದು ಆ ತುದಿಯ ತಿರುಪನ್ನೂ, ಬಳಿಕ ಇನ್ನೊಂದು ತುದಿಗೆ ಒಯ್ದು ಅಲ್ಲಿಯದನ್ನೂ ಬಿಗಿಯಬೇಕು. ಇಲ್ಲಿ ಬಂಡಿಯೇ ಅಳತೆಗೋಲು. ಎರಡನೆಯ ಸರಳು ತನ್ನ ಸ್ಥಾನವನ್ನು ತಾನೇ ಕಂಡುಕೊಳ್ಳುತ್ತದೆ. ನಾವು ಬಲಾತ್ಕಾರ ಮಾಡದಿದ್ದರೆ ಸಾಕು. ಬೆಲ್ಟು ಕಟ್ಟುವ ಮುನ್ನ ಚೌಕಟ್ಟನ್ನು ಮೆಲ್ಲನೆ ಓರೆಮಾಡಿ ನೋಡಿರಿ. ಬಂಡಿಯು ತನ್ನ ಭಾರದಿಂದಲೇ ಈ ತುದಿಯಿಂದ ಆ ತುದಿಯವರೆಗೆ ಎಲ್ಲಿಯೂ ತಡೆಯದೆ ಜಾರಿಹೋಗಬೇಕು. ನಡುವೆ ತಡೆದರೆ ತಿರುಪನ್ನು ಸಡಿಲಿಸಿ ಮೊದಲಿನಿಂದ ತೊಡಗಬೇಕು. ಬೇಸರದ ಕೆಲಸವೆಂಬುದು ನಿಜ. ಮೂರು ನಾಲ್ಕು ಬಾರಿ ಹೀಗೆ ಮಾಡಬೇಕಾದೀತು.