ಕಾಣದ ಗಾಯ

ಯುದ್ಧದಲ್ಲಿ ಯೋಧನಿಗೆ ಎರಡು ಬಗೆಯ ಗಾಯಗಳಾಗುತ್ತವೆ. ಒಂದು ಕಣ್ಣಿಗೆ ಕಾಣುವಂಥದು. ಅದಕ್ಕೆ ಮದ್ದುಂಟು, ಪಟ್ಟಿಯುಂಟು. ಇನ್ನೊಂದು ಮನಸ್ಸಿಗೆ ಆಗುವಂಥದು. ಇದಕ್ಕೆ ತುತ್ತಾದವನು ಮನೆಗೆ ಮರಳಿ ವರ್ಷಗಳು ಕಳೆದರೂ ನಿದ್ದೆಯಲ್ಲಿ ಬೆಚ್ಚಿಬೀಳುತ್ತಾನೆ. ಪಟಾಕಿಯ ಸದ್ದಿಗೆ ನಡುಗುತ್ತಾನೆ. ಮಡದಿಮಕ್ಕಳ ನಡುವೆ ಇದ್ದೂ ಒಂಟಿಯಾಗುತ್ತಾನೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯನು ಈ ಸ್ಥಿತಿಯನ್ನು 'ಶೆಲ್ ಶಾಕ್' ಎಂಬ ಹೆಸರಿನಿಂದ ವರ್ಣಿಸಿದನು. ಆದರೂ ಬಹುಕಾಲ ಹಲವರು ಇದನ್ನು ಹೇಡಿತನವೆಂದೇ ಹೀಗಳೆದರು. ವಿಯೆಟ್ನಾಂ ಯುದ್ಧದ ತರುವಾಯ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಆಘಾತದಿಂದ ಉಂಟಾಗುವ ಈ ಬೇನೆಯನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿತು. ರೋಗಕ್ಕೆ ಸಲ್ಲಬೇಕಾದುದು ಚಿಕಿತ್ಸೆಯೇ ಹೊರತು ನಿಂದೆಯಲ್ಲ.

ಅಮೆರಿಕದಲ್ಲಿ ಮಾಜಿ ಯೋಧರಿಗಾಗಿ ಕೇಂದ್ರ ಸರ್ಕಾರದ ಆಸ್ಪತ್ರೆಗಳಿವೆ. ಆದರೆ ಎಲ್ಲರೂ ಅಲ್ಲಿಗೆ ಹೋಗುವುದಿಲ್ಲ. ಕೆಲವರಿಗೆ ದೂರ ಅಡ್ಡಿ, ಕೆಲವರಿಗೆ ಸಂಕೋಚ ಅಡ್ಡಿ. ಅಂಥವರು ಬಾಳುವುದು ತಮ್ಮ ತಮ್ಮ ಊರುಗಳಲ್ಲಿ. ಆದುದರಿಂದ ರಾಜ್ಯ ಸರ್ಕಾರಗಳೂ ಈ ಹೊಣೆಗೆ ಹೆಗಲು ಕೊಡಬೇಕಾಯಿತು.

ಟೆಕ್ಸಾಸ್ ರಾಜ್ಯವು 2015ರಲ್ಲಿ ಒಂದು ಅನುದಾನ ಯೋಜನೆಯನ್ನು ರೂಪಿಸಿತು. ಯೋಧರಿಗೂ ಅವರ ಕುಟುಂಬಕ್ಕೂ ಮಾನಸಿಕ ಚಿಕಿತ್ಸೆ ದೊರಕಿಸುವ ಸಂಸ್ಥೆಗಳಿಗೆ ರಾಜ್ಯವು ಹಣ ನೀಡುವುದು. ಅದಕ್ಕೆ ಜೊತೆಯಾಗಿ ಸ್ಥಳೀಯರೂ ತಮ್ಮ ಪಾಲನ್ನು ಕೂಡಿಸುವರು. 2017ರಲ್ಲಿ ಅಲ್ಲಿನ ಶಾಸನಸಭೆಯು ಯೋಧರ ಆತ್ಮಹತ್ಯೆಯನ್ನು ತಡೆಯಲು ಕಾರ್ಯಯೋಜನೆಯೊಂದನ್ನು ಸಿದ್ಧಪಡಿಸಬೇಕೆಂದು ಕಾನೂನು ಮಾಡಿತು. ತರಬೇತಿ ಪಡೆದ ಮಾಜಿ ಯೋಧನೇ ಇನ್ನೊಬ್ಬ ಯೋಧನಿಗೆ ಆಸರೆಯಾಗುವ ಏರ್ಪಾಡೂ ಅಲ್ಲಿದೆ. ನೊಂದವನ ನೋವು ನೊಂದವನಿಗೇ ಗೊತ್ತು.

ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಉಪಾಯ ಇನ್ನೂ ಸರಳ. ಸೇವೆ ಸಲ್ಲಿಸಿದ ಎಷ್ಟೋ ಮಂದಿ ತಮ್ಮನ್ನು 'ಮಾಜಿ ಯೋಧ'ರೆಂದು ಭಾವಿಸುವುದಿಲ್ಲ. ಆದುದರಿಂದ ವೈದ್ಯರು, ಅಧಿಕಾರಿಗಳು ಬಂದವರೊಡನೆ, "ನೀವಾಗಲಿ ನಿಮ್ಮ ಮನೆಯವರಾಗಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದುಂಟೆ?" ಎಂದು ಕೇಳಬೇಕೆಂದು ಆ ರಾಜ್ಯವು ಪ್ರಚಾರ ಕೈಗೊಂಡಿತು. ಈ ಒಂದು ಪ್ರಶ್ನೆಯಿಂದ ಮುಚ್ಚಿದ ಬಾಗಿಲು ತೆರೆಯಬಹುದು.

ಈ ಎರಡು ರಾಜ್ಯಗಳೂ ಸೇರಿದಂತೆ 7 ರಾಜ್ಯಗಳು 2019ರಲ್ಲಿ ಕೇಂದ್ರದೊಡನೆ ಕೂಡಿ ಈ ಕಾರ್ಯಕ್ಕೆ ಮುಂದಾದವು. 2022ರಿಂದ 988 ಎಂಬ ದೂರವಾಣಿ ಸಂಖ್ಯೆಯೂ ದೇಶದಾದ್ಯಂತ ಬಳಕೆಗೆ ಬಂದಿತು. ಅದಕ್ಕೆ ಕರೆಮಾಡಿ 1ನ್ನು ಒತ್ತಿದರೆ ಯೋಧರಿಗೆಂದೇ ಮೀಸಲಾದ ನೆರವು ದೊರೆಯುತ್ತದೆ.

ಯೋಧನಿಗೆ ಪದಕ ನೀಡುವುದು ಸುಲಭ. ಅವನ ಮೌನವನ್ನು ಅರಿಯುವುದು ಕಷ್ಟ. ನಾಡನ್ನು ಕಾದವನನ್ನು ನಾಡು ಕಾಯುವುದು ಉಪಕಾರವಲ್ಲ, ಋಣಸಂದಾಯ.